ಡಿಸಿ ಯಾರ ಡೆಪ್ಯುಟಿ?

ಹೋದ ವಾರ ಚಾಮರಾಜಪೇಟೆಯಿಂದ ಒಬ್ಬ ವೀಕ್ಷಕರು ಫೋನ್ ಮಾಡಿದ್ರು. ನಿವೃತ್ತ ಮೇಷ್ಟ್ರು. ಕಾರ್ಯಕ್ರಮ ಚೆನ್ನಾಗಿತ್ತು ಅಂತ ಹೇಳೋದಕ್ಕೆ ಅಲ್ಲ, ಒಂದು ಪ್ರಶ್ನೆ ಕೇಳೋದಕ್ಕೆ. "ದಿನಾ ನೀವು ಡಿಸಿ ಆದೇಶ ಮಾಡಿದ್ರು, ಡಿಸಿ ಸ್ಥಳಕ್ಕೆ ಬಂದ್ರು ಅಂತ ಕೂಗ್ತೀರಲ್ಲ, ಡಿಸಿ ಅಂದ್ರೆ ಡೆಪ್ಯುಟಿ ಕಮಿಷನರ್. ಡೆಪ್ಯುಟಿ ಅಂದ್ರೆ ಯಾರದೋ ಕೈಕೆಳಗಿನವರು. ಇಡೀ ಜಿಲ್ಲೆಗೆ ದೊಡ್ಡ ಸಾಹೇಬ್ರು, ಹೆಸರಿನಲ್ಲಿ ಮಾತ್ರ ಡೆಪ್ಯುಟಿ. ಯಾರ ಡೆಪ್ಯುಟಿ ಸ್ವಾಮಿ ಇವರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಹತ್ತು ವರ್ಷದಿಂದ ಸುದ್ದಿ ಓದ್ತಿದ್ದೀನಿ, ದಿನಕ್ಕೆ ಹತ್ತು ಸಲ ಆ ಪದ ಬಳಸ್ತೀನಿ. ಪಕ್ಕದ ತಮಿಳುನಾಡಿನಲ್ಲಿ, ಆಂಧ್ರದಲ್ಲಿ ಕಲೆಕ್ಟರ್ ಅಂತಾರೆ, ನಮ್ಮಲ್ಲಿ ಡಿಸಿ ಅಂತೀವಿ. ಯಾಕೆ ಅಂತ ಯೋಚಿಸಿರಲೇ ಇಲ್ಲ. ಕನ್ನಡದಲ್ಲಿ 'ಜಿಲ್ಲಾಧಿಕಾರಿ' ಅಂದುಬಿಟ್ಟರೆ ಆ ಪ್ರಶ್ನೆಯೇ ಮರೆಯಾಗಿಬಿಡುತ್ತೆ.

ಉತ್ತರ ಹುಡುಕಿಕೊಂಡು ಹೋದರೆ ಅದು ಸಿಕ್ಕಿದ್ದು ಆ ಮೇಷ್ಟ್ರ ಮನೆಯ ಹತ್ತಿರವೇ. ಕೆ.ಆರ್. ಮಾರ್ಕೆಟ್ ಪಕ್ಕ, ಕೋಟೆ ವೆಂಕಟರಮಣ ದೇವಸ್ಥಾನದ ಬಗಲಲ್ಲೇ ಟಿಪ್ಪುವಿನ ಬೇಸಿಗೆ ಅರಮನೆ ಇದೆ. ತೇಗದ ಕಂಬಗಳ, ಎರಡಂತಸ್ತಿನ ಕಟ್ಟಡ. ಸ್ಕೂಲ್ ಟ್ರಿಪ್‌ನಲ್ಲಿ ನಾವೆಲ್ಲ ನೋಡಿದ್ದೀವಿ. ಆದರೆ 1831ರಿಂದ 1868ರವರೆಗೆ ಇಡೀ ಮೈಸೂರು ರಾಜ್ಯದ ಸೆಕ್ರೆಟರಿಯೇಟ್ ಅದೇ ಆಗಿತ್ತು ಅನ್ನೋದು ಎಷ್ಟು ಜನಕ್ಕೆ ಗೊತ್ತು? ಹೈಕೋರ್ಟ್ ಇರುವ ಅಠಾರಾ ಕಚೇರಿ ಕಟ್ಟಿದ ಮೇಲೆ ಆಫೀಸು ಅಲ್ಲಿಗೆ ಹೋಯಿತು. ಅದಕ್ಕೂ ಮುಂಚೆ ಮೂವತ್ತೇಳು ವರ್ಷ ರಾಜ್ಯ ನಡೆದದ್ದು ಈ ಅರಮನೆಯಿಂದ. ನಡೆಸಿದ್ದು ರಾಜರಲ್ಲ, ಕಮಿಷನರ್.

ಹೇಗೆ ಬಂದರು ಈ ಕಮಿಷನರ್? 1830ರಲ್ಲಿ ನಗರ ಪ್ರಾಂತ್ಯದಲ್ಲಿ, ಅಂದರೆ ಇವತ್ತಿನ ಶಿವಮೊಗ್ಗ ಕಡೆ, ರೈತರು ಎದ್ದರು. ಕಂದಾಯದ ಹೊರೆ, ಗುತ್ತಿಗೆದಾರರ ಕಾಟ, ಅಧಿಕಾರಿಗಳ ಅನ್ಯಾಯ. ಅವರು ಮೊದಲ ದಿನವೇ ಕತ್ತಿ ಹಿಡಿಯಲಿಲ್ಲ, ನೆನಪಿರಲಿ. ಮೊದಲು ದೂರು ಕೊಟ್ಟರು. ಯಾರೂ ಕೇಳಲಿಲ್ಲ. ಆಮೇಲೆ ಕೂಟ ಸೇರಿದರು. ಆಗಲೂ ಸರಿಯಾಗಿ ಕೇಳಲಿಲ್ಲ. ಆಮೇಲೆ ದಂಗೆ. ಅದನ್ನೇ ಕಾರಣ ಮಾಡಿಕೊಂಡು ಗವರ್ನರ್ ಜನರಲ್ ಬೆಂಟಿಂಕ್ 1831ರ ಅಕ್ಟೋಬರ್‌ನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ತೆಗೆದುಕೊಂಡ. 1799ರ ಒಪ್ಪಂದದಲ್ಲಿ ಅದಕ್ಕೊಂದು ಷರತ್ತು ಇತ್ತು. ರಾಜರು ಮೈಸೂರಿನಲ್ಲಿ ಉಳಿದರು, ಆಡಳಿತ ಬೆಂಗಳೂರಿಗೆ ಬಂತು.

ಇಲ್ಲಿಂದ ಕಥೆ ಸ್ವಲ್ಪ ತಮಾಷೆಯಾಗುತ್ತೆ. ಮೊದಲಿಗೆ ಇಬ್ಬರು ಕಮಿಷನರ್‌ಗಳನ್ನ ಹಾಕಿದರು. ಸೀನಿಯರ್ ಕಮಿಷನರ್ ನೇಮಕ ಗವರ್ನರ್ ಜನರಲ್‌ದು, ಜೂನಿಯರ್ ಕಮಿಷನರ್ ನೇಮಕ ಮದ್ರಾಸ್ ಸರ್ಕಾರದ್ದು. ಭಿನ್ನಾಭಿಪ್ರಾಯ ಬಂದರೆ ಸೀನಿಯರ್‌ಗೆ ಕಾಸ್ಟಿಂಗ್ ವೋಟ್. ಇಬ್ಬರೇ ಇರುವ ಸಮಿತಿಯಲ್ಲಿ ಒಬ್ಬರಿಗೆ ಕಾಸ್ಟಿಂಗ್ ವೋಟ್! ಹಾಗಾದ್ರೆ ಇನ್ನೊಬ್ಬರು ಯಾಕೆ? ಜಗಳ ಆಡೋದಕ್ಕೆ. ಮೊದಲ ಸೀನಿಯರ್ ಕಮಿಷನರ್ ಬ್ರಿಗ್ಸ್. ಈ ನೇಮಕ ಮದ್ರಾಸ್ ಗವರ್ನರ್‌ಗೆ ಇಷ್ಟವಿರಲಿಲ್ಲ. ಒಂದು ವರ್ಷ ತುಂಬುವುದರೊಳಗೆ ಬ್ರಿಗ್ಸ್ ರಾಜೀನಾಮೆ ಕೊಟ್ಟು ನಾಗಪುರಕ್ಕೆ ಹೋದ. ಇಬ್ಬರು ಸಾಹೇಬ್ರಿಂದ ಕೆಲಸ ಆಗಲ್ಲ ಅಂತ ಗೊತ್ತಾಗೋಕೆ ಮೂರು ವರ್ಷ ಬೇಕಾಯ್ತು. 1834ರಲ್ಲಿ ಒಬ್ಬರೇ ಕಮಿಷನರ್ ಸಾಕು ಅಂದರು. ಮೊದಲು ಮಾರಿಸನ್, ಕೆಲವೇ ವಾರ. ಜೂನ್‌ನಲ್ಲಿ ಅವನ ಜಾಗಕ್ಕೆ ಬಂದವನು ಮಾರ್ಕ್ ಕಬ್ಬನ್.

ಹೌದು, ಪಾರ್ಕಿನ ಕಬ್ಬನ್ನೇ. ಐಲ್ ಆಫ್ ಮ್ಯಾನ್ ಅನ್ನೋ ಪುಟ್ಟ ದ್ವೀಪದ ಹುಡುಗ, 1800ರಲ್ಲಿ ಕಂಪನಿ ಸೈನ್ಯಕ್ಕೆ ಸೇರಿ ಇಲ್ಲಿಗೆ ಬಂದವನು. 1834ರಿಂದ 1861ರವರೆಗೆ, ಇಪ್ಪತ್ತೇಳು ವರ್ಷ ಒಂದೇ ಕುರ್ಚಿ. ರಾಜ್ಯವನ್ನ ನಾಲ್ಕು ವಿಭಾಗ ಮಾಡಿದರು: ಬೆಂಗಳೂರು, ಚಿತ್ರದುರ್ಗ, ಅಷ್ಟಗ್ರಾಮ, ನಗರ. ಒಂದೊಂದಕ್ಕೂ ಒಬ್ಬ ಯುರೋಪಿಯನ್ ಸೂಪರಿಂಟೆಂಡೆಂಟ್. ಕಬ್ಬನ್ ನಂತರ 1862ರಲ್ಲಿ ಬೌರಿಂಗ್ ಬಂದ. ಅವನು ಮೂರು ವಿಭಾಗ, ಎಂಟು ಜಿಲ್ಲೆ ಮಾಡಿದ. ಬೆಂಗಳೂರು, ಕೋಲಾರ, ತುಮಕೂರು, ಮೈಸೂರು, ಹಾಸನ, ಶಿವಮೊಗ್ಗ, ಕಡೂರು, ಚಿತ್ರದುರ್ಗ. ವಿಭಾಗಕ್ಕೆ ಸೂಪರಿಂಟೆಂಡೆಂಟ್, ಜಿಲ್ಲೆಗೆ ಅವರ ಡೆಪ್ಯುಟಿ. ಆ ದಶಕದ ಕೊನೆಗೆ ಹೆಸರು ಬದಲಾಯಿತು. ಮೇಲಿನವನು ಚೀಫ್ ಕಮಿಷನರ್, ವಿಭಾಗದವನು ಕಮಿಷನರ್, ಜಿಲ್ಲೆಯವನು ಡೆಪ್ಯುಟಿ ಕಮಿಷನರ್.

ಮೇಷ್ಟ್ರೇ, ನಿಮ್ಮ ಪ್ರಶ್ನೆಗೆ ಉತ್ತರ ಇದು. ಡಿಸಿ ಆ ಕಮಿಷನರ್‌ನ ಡೆಪ್ಯುಟಿ. 1881ರಲ್ಲಿ ರಾಜ್ಯ ಒಡೆಯರಿಗೆ ವಾಪಸ್ ಬಂತು, ಬ್ರಿಟಿಷ್ ಕಮಿಷನರ್ ಆಳ್ವಿಕೆ ಮುಗಿಯಿತು. ಡೆಪ್ಯುಟಿ ಮಾತ್ರ ಹೋಗಲಿಲ್ಲ. ರಾಜರು ಹೋದರು, ಪ್ರಜಾಪ್ರಭುತ್ವ ಬಂತು, ಏಕೀಕರಣ ಆಯ್ತು, ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಯ್ತು. ಡೆಪ್ಯುಟಿ ಇನ್ನೂ ಇದ್ದಾರೆ.

ಇದಿಷ್ಟೇ ಆಗಿದ್ದರೆ ಇವತ್ತಿನ ಮಾತನ್ನ ಕ್ವಿಜ್ ಕಾರ್ಯಕ್ರಮಕ್ಕೆ ಕೊಟ್ಟುಬಿಡ್ತಿದ್ದೆ. ಆದರೆ ನನಗೆ ಒಂದು ತಪ್ಪೊಪ್ಪಿಗೆ ಇದೆ.

ಮಳೆಗಾಲದಲ್ಲಿ ಬೆಂಗಳೂರು ಮುಳುಗಿದಾಗ ಇದೇ ಸ್ಟುಡಿಯೋದಲ್ಲಿ ಕೂತು ನಾನು ಹೇಳಿದ್ದೆ: "ಈ ಊರಿಗೆ ರಾಜಕಾರಣಿಗಳು ಬೇಡ, ಕಬ್ಬನ್ ತರದ ಒಬ್ಬ ಖಡಕ್ ಕಮಿಷನರ್ ಸಾಕು." ಕ್ಲಿಪ್ ಓಡಿತು. ಬಸವನಗುಡಿಯಿಂದ ಮಲ್ಲೇಶ್ವರದವರೆಗೆ ವಾಟ್ಸಾಪ್ ಗ್ರೂಪ್‌ಗಳಲ್ಲಿ ಚಪ್ಪಾಳೆ. ನಮ್ಮ ಮನೆಯಲ್ಲೂ ಭೇಷ್ ಅಂದರು. ಆ ಮಾತನ್ನ ಇವತ್ತು ನಾನು ವಾಪಸ್ ತಗೋತೀನಿ. ಯಾಕೆ ಅಂತ ಹೇಳ್ತೀನಿ, ಕೇಳಿ.

ಕಬ್ಬನ್ ಕೆಟ್ಟ ಆಡಳಿತಗಾರ ಅಂತ ಅಲ್ಲ. ಒಪ್ಪಿಕೊಳ್ಳಬೇಕಾದ್ದನ್ನ ಒಪ್ಪಿಕೊಳ್ಳೋಣ. ಅವನ ಕಾಲದಲ್ಲಿ ಸುಮಾರು 1,600 ಮೈಲಿ ರಸ್ತೆ ಆಯಿತು. 769 ಚಿಲ್ಲರೆ ತೆರಿಗೆ ರದ್ದಾದವು. ಎಂಥ ತೆರಿಗೆ ಅಂತೀರಿ? ಮದುವೆ ಆದರೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ, ತಲೆಗೂದಲು ತೆಗೆಸಿದರೆ ತೆರಿಗೆ. ನಗರ ಪ್ರಾಂತ್ಯದ ಒಂದು ಜಾಗದಲ್ಲಿ ಕೈಗಳನ್ನ ಮೈಗೆ ಒತ್ತಿಕೊಂಡು ನಡೆಯದಿದ್ದರೂ ತೆರಿಗೆ. ಪಾಳೆಯಗಾರನ ಕುದುರೆ ಕಳೆದುಹೋದಾಗ ಹುಡುಕಿಕೊಡಲಿಲ್ಲ ಅಂತ ಒಂದು ಹಳ್ಳಿಯವರ ಮೊಮ್ಮಕ್ಕಳೂ ತೆರಿಗೆ ಕಟ್ಟುತ್ತಿದ್ದರಂತೆ. ಬಿ.ಎಲ್. ರೈಸ್ ಮೈಸೂರು ಗೆಜೆಟಿಯರ್‌ನಲ್ಲಿ ಇದೆಲ್ಲ ದಾಖಲಾಗಿದೆ. ಇಂಥದ್ದನ್ನ ತೆಗೆದುಹಾಕಿದವನಿಗೆ ಒಂದು ಪಾರ್ಕು ಕೊಟ್ಟರೆ ತಪ್ಪಿಲ್ಲ. ಅಂದಹಾಗೆ ಆ ಪಾರ್ಕಿನ ಅಧಿಕೃತ ಹೆಸರು ಶ್ರೀ ಚಾಮರಾಜೇಂದ್ರ ಉದ್ಯಾನ. 1927ರಲ್ಲೇ ಬದಲಾಯಿಸಿದರು. ಜನ ಇನ್ನೂ ಕಬ್ಬನ್ ಅಂತಲೇ ಕರೀತಾರೆ.

ಪ್ರಶ್ನೆ ಬೇರೆ ಇದೆ. ಆ ತೆರಿಗೆ ತೆಗೆಯದೇ ಇದ್ದಿದ್ದರೆ ರೈತ ಏನು ಮಾಡಬಹುದಿತ್ತು? ಅರ್ಜಿ ಕೊಡಬಹುದಿತ್ತು, ಅಷ್ಟೇ. ಕಮಿಷನರ್ ಉತ್ತರ ಕೊಡಬೇಕಾಗಿದ್ದು ಕಲ್ಕತ್ತಾಗೆ. ಕಲ್ಕತ್ತಾ ಉತ್ತರ ಕೊಡಬೇಕಾಗಿದ್ದು ಲಂಡನ್ನಿಗೆ. 1834ರಲ್ಲಿ ಸ್ವತಃ ಬೆಂಟಿಂಕ್ ರಾಜ್ಯದ ಒಂದು ಭಾಗವನ್ನ ಒಡೆಯರಿಗೆ ಹಿಂದಿರುಗಿಸೋಣ ಅಂದಾಗ ಲಂಡನ್ನಿನ ಡೈರೆಕ್ಟರುಗಳು ಒಪ್ಪಲಿಲ್ಲ. 1860ರಲ್ಲಿ ಮೈಸೂರನ್ನ ಮದ್ರಾಸಿನ ಅಧೀನಕ್ಕೆ ಕೊಡೋ ಮಾತು ಬಂದಾಗ ರಾಜರು ಪ್ರತಿಭಟಿಸಿದರು, ಕಬ್ಬನ್ ರಾಜೀನಾಮೆ ಕೊಟ್ಟ, ಆ ಆದೇಶ ವಾಪಸ್ ಹೋಯಿತು. ಒಳ್ಳೆಯದೇ ಆಯಿತು. ಆದರೆ ಗಮನಿಸಿ, ರಾಜರನ್ನ ಕೇಳಿದರು, ಕಮಿಷನರನ್ನ ಕೇಳಿದರು. ಚಿಕ್ಕಪೇಟೆಯ ವ್ಯಾಪಾರಿಯನ್ನ, ಚಿತ್ರದುರ್ಗದ ರೈತನನ್ನ ಯಾರೂ ಕೇಳಲಿಲ್ಲ. ಕೇಳೋ ವ್ಯವಸ್ಥೆಯೇ ಇರಲಿಲ್ಲ.

ನಾನು ಓದಿದ್ದು ಎಂಜಿನಿಯರಿಂಗ್. ಅಲ್ಲಿ ಕಂಟ್ರೋಲ್ ಸಿಸ್ಟಮ್ಸ್ ಅಂತ ಒಂದು ಸಬ್ಜೆಕ್ಟ್. ಮನೆಯ ನೀರಿನ ಟ್ಯಾಂಕ್ ತಗೊಳ್ಳಿ. ಟೈಮರ್ ಇಟ್ಟು ಅರ್ಧ ಗಂಟೆ ಮೋಟಾರ್ ಓಡಿಸಿದರೆ ಅದು ಓಪನ್ ಲೂಪ್. ಟ್ಯಾಂಕ್ ತುಂಬಿ ಹರಿದರೂ ಮೋಟಾರಿಗೆ ಗೊತ್ತಾಗಲ್ಲ. ತುಂಬಿದ ತಕ್ಷಣ ನಿಲ್ಲಿಸೋ ಸೆನ್ಸರ್ ಇದ್ದರೆ ಕ್ಲೋಸ್ಡ್ ಲೂಪ್. ಒಳ್ಳೆ ಕಮಿಷನರ್ ಅಂದರೆ ಒಳ್ಳೆ ಮೋಟಾರ್. ಸೆನ್ಸರ್ ಜನ. ನಗರ ದಂಗೆ ಆಗಿದ್ದು ಸೆನ್ಸರ್ ಕೆಲಸ ಮಾಡದೇ ಇದ್ದಿದ್ದಕ್ಕೆ. ಅದನ್ನ ಸರಿ ಮಾಡೋಕೆ ಅಂತ ಬಂದವರು ಮೋಟಾರ್ ಬದಲಾಯಿಸಿದರು, ಸೆನ್ಸರ್ ಹಾಕಲಿಲ್ಲ.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಇಂಗ್ಲಿಷರ ಮೊದಮೊದಲ ವಸಾಹತು ಅಮೆರಿಕದ ವರ್ಜೀನಿಯಾ. ಅದನ್ನ ನಡೆಸಿದ್ದೂ ಒಂದು ಕಂಪನಿಯೇ. 1610ರಲ್ಲಿ ಲಾರ್ಡ್ ಡೆಲವೇರ್ ಗವರ್ನರ್ ಆಗಿ ಬಂದ, ಕಾಯಿಲೆ ಬಿದ್ದು ಮರುವರ್ಷವೇ ವಾಪಸ್ ಹೋದ. ಗವರ್ನರ್ ಇಂಗ್ಲೆಂಡಿನಲ್ಲಿ, ಅಧಿಕಾರ ಡೆಪ್ಯುಟಿಗಳ ಕೈಯಲ್ಲಿ. ಗೇಟ್ಸ್, ಡೇಲ್ ಅನ್ನೋ ಇಬ್ಬರು ಮಿಲಿಟರಿ ಕಾನೂನು ಹಾಕಿ ಆಳಿದರು. ಸಣ್ಣ ತಪ್ಪಿಗೂ ಘೋರ ಶಿಕ್ಷೆ. ಊರು ಉಳಿಯಿತು, ನಿಜ. ಆದರೆ ಬರೀ ಶಿಸ್ತಿನಿಂದ ಜನ ನಿಲ್ಲಲ್ಲ ಅಂತ ಕಂಪನಿಗೇ ಅರ್ಥವಾಗಿ 1619ರಲ್ಲಿ ಅಲ್ಲಿ ಮೊದಲ ಪ್ರತಿನಿಧಿ ಸಭೆ ಸೇರಿತು. ಇಲ್ಲಿ 1881ರ ಅಕ್ಟೋಬರ್‌ನಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಕರೆದರು. 144 ಸದಸ್ಯರು.

ಎರಡೂ ಸಭೆ ಅರೆಬರೆಯೇ. ವರ್ಜೀನಿಯಾಕ್ಕೆ ಅದೇ 1619ರಲ್ಲಿ ಆಫ್ರಿಕನ್ನರನ್ನ ಬಂಧಿಗಳಾಗಿ ತಂದರು, ಅವರಿಗೆ ದನಿ ಇರಲಿಲ್ಲ. ಮೈಸೂರಿನ ಸಭೆಯಲ್ಲಿದ್ದವರು ಜಮೀನುದಾರರು, ವ್ಯಾಪಾರಿಗಳು. ಅವರಿಗೆ ಕಾನೂನು ಮಾಡೋ ಅಧಿಕಾರ ಇರಲಿಲ್ಲ. ಆದರೂ ಒಂದು ವಿಷಯ ಹೊಸದು: ದಿವಾನರು ಎದ್ದು ನಿಂತು ಲೆಕ್ಕ ಒಪ್ಪಿಸಬೇಕು, ಎದುರಿಗೆ ಕೂತವರು "ನಮ್ಮ ಕೆರೆ ಒಡೆದಿದೆ" ಅಂತ ಹೇಳಬಹುದು.

ಈಗ 1881ರಿಂದ ಇವತ್ತಿಗೆ ಬನ್ನಿ. 2015ರಲ್ಲಿ ನಾವು ಬಿಬಿಎಂಪಿಗೆ 198 ಕಾರ್ಪೊರೇಟರ್‌ಗಳನ್ನ ಆರಿಸಿದ್ವಿ. 2020ರ ಸೆಪ್ಟೆಂಬರ್‌ನಲ್ಲಿ ಅವರ ಅವಧಿ ಮುಗಿಯಿತು. ಅವಧಿ ಮುಗಿಯೋದರೊಳಗೆ ಚುನಾವಣೆ ಆಗಬೇಕು ಅಂತ ಸಂವಿಧಾನದ 243ಯು ವಿಧಿ ಹೇಳುತ್ತೆ. ಆಗಲಿಲ್ಲ. ಒಂದು ಸಲ ವಾರ್ಡ್ ವಿಂಗಡಣೆ, ಒಂದು ಸಲ ಮೀಸಲಾತಿ, ಒಂದು ಸಲ ಹೊಸ ಕಾಯ್ದೆ. ಸರ್ಕಾರ ಬದಲಾಯಿತು, ನೆಪ ಬದಲಾಗಲಿಲ್ಲ. ಇದೇ ಮೊದಲೂ ಅಲ್ಲ, 2006ರಿಂದ 2010ರವರೆಗೂ ಈ ಊರಿಗೆ ಚುನಾಯಿತ ಪಾಲಿಕೆ ಇರಲಿಲ್ಲ. ಆಡಳಿತಾಧಿಕಾರಿ, ಕಮಿಷನರ್, ಅವರ ಕೆಳಗೆ ಡೆಪ್ಯುಟಿ, ಜಂಟಿ, ಸಹಾಯಕ. ಟಿಪ್ಪು ಅರಮನೆಯಲ್ಲಿದ್ದ ವ್ಯವಸ್ಥೆ ಹಡ್ಸನ್ ಸರ್ಕಲ್‌ಗೆ ಬಂದು ಕೂತಿದೆ.

ನೀವು ಕೇಳಬಹುದು, ಕಾರ್ಪೊರೇಟರ್ ಇದ್ದಾಗ ಏನು ಕಡಿದು ಕಟ್ಟೆ ಹಾಕಿದ್ರು ಅಂತ. ನ್ಯಾಯವಾದ ಪ್ರಶ್ನೆ. ಕಂಟ್ರಾಕ್ಟು, ಕಮಿಷನ್ನು, ಎಲ್ಲ ನೋಡಿದ್ದೀವಿ. ನಾನೇ ಎಷ್ಟೋ ಎಪಿಸೋಡ್ ಮಾಡಿದ್ದೀನಿ. ಆದರೆ ಒಂದು ವ್ಯತ್ಯಾಸ ಹೇಳ್ತೀನಿ. ಮೊನ್ನೆ ನಮ್ಮ ಅಮ್ಮ ಮೋರಿ ಉಕ್ಕುತ್ತಿದೆ ಅಂತ ಒಂದು ಕಚೇರಿಗೆ ಹೋದರು. "ಸಾಹೇಬ್ರು ವರ್ಗ ಆಗಿದ್ದಾರೆ, ಈಗ ಇರೋರು ಇನ್‌ಚಾರ್ಜ್, ಅವರು ಗುರುವಾರ ಬರ್ತಾರೆ" ಅಂದ್ರಂತೆ. ಗುರುವಾರ ಹೋದರೆ ಇನ್‌ಚಾರ್ಜ್ ಕೂಡ ಬದಲಾಗಿದ್ದಾರೆ. ಹಿಂದೆ ಇದೇ ಮೋರಿಗೆ ಅಮ್ಮ ಕಚೇರಿಗೆ ಹೋಗ್ತಿರಲಿಲ್ಲ, ಬೆಳಗ್ಗೆ ಏಳು ಗಂಟೆಗೆ ಕಾರ್ಪೊರೇಟರ್ ಮನೆ ಗೇಟ್ ಅಲ್ಲಾಡಿಸ್ತಿದ್ರು. ಆತ ಬೈಕೊಂಡೇ ಬರ್ತಿದ್ದ. ಆದರೆ ಬರ್ತಿದ್ದ. ಯಾಕಂದ್ರೆ ಐದು ವರ್ಷಕ್ಕೊಮ್ಮೆ ಅವನೂ ನಮ್ಮ ಗೇಟ್ ಅಲ್ಲಾಡಿಸಬೇಕಿತ್ತು.

ಖಡಕ್ ಅಧಿಕಾರಿ ಬೇಡ ಅಂತ ನಾನು ಹೇಳ್ತಿಲ್ಲ. ಬೇಕು. ಇವತ್ತೂ ಎಷ್ಟೋ ಒಳ್ಳೆಯ ಡಿಸಿಗಳು, ಕಮಿಷನರ್‌ಗಳು ರಾತ್ರಿ ಹಗಲು ಕೆಲಸ ಮಾಡ್ತಿದ್ದಾರೆ. ಆದರೆ ಅವರ ಮೇಲೆ ಕೂತು "ಯಾಕೆ ಆಗಲಿಲ್ಲ" ಅಂತ ಕೇಳೋದಕ್ಕೆ ನಾವು ಆರಿಸಿದ ಒಬ್ಬರಾದರೂ ಇರಬೇಕು. ಆ ಕುರ್ಚಿ ಖಾಲಿ ಇಟ್ಟುಕೊಂಡು, ಕಬ್ಬನ್ ಬರಲಿ ಅಂತ ನಾನು ಕೂಗಿದ್ದು ತಪ್ಪು.

ಮೇಷ್ಟ್ರಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಕೇಳಿಸಿಕೊಂಡು ಅವರು ಅಂದರು: "ಸರಿ, ಅವತ್ತು ಡಿಸಿ ಕಮಿಷನರ್ ಡೆಪ್ಯುಟಿ. ಇವತ್ತು ನಮ್ಮ ಡೆಪ್ಯುಟಿ ಆಗಬೇಕಿತ್ತು, ಅಲ್ವೇ?"

ಪಾಲಿಕೆ ಚುನಾವಣೆ ಯಾವಾಗ ಅಂತ ಮುಂದಿನ ವಾರ ಈ ಜಾಗದಲ್ಲಿ ಮತ್ತೆ ಕೇಳ್ತೀನಿ. ಉತ್ತರ ಬರೋವರೆಗೂ ಕೇಳ್ತೀನಿ. ನೀವೂ ಕೇಳಿ.