ಸಾಧನೆಯೂ ಸರ್ಟಿಫಿಕೇಟೂ



ಮೈಸೂರಿನಲ್ಲಿರುವ ರಾಜ್ಯ ಸಂಗೀತ ವಿಶ್ವವಿದ್ಯಾಲಯ ಡಾ. ಗಂಗೂಬಾಯಿ ಹಾನಗಲ್ ಅವರ ಹೆಸರನ್ನು ಹೊತ್ತಿದೆ. ಸಂಗೀತ ಮತ್ತು ಪ್ರದರ್ಶಕ ಕಲೆಗಳಲ್ಲಿ ಅದು ಪದವಿಗಳನ್ನು ನೀಡುತ್ತದೆ. ಗಂಗೂಬಾಯಿಯವರು ಶಾಲೆಯಲ್ಲಿ ಓದಿದ್ದು ಐದನೆಯ ಇಯತ್ತೆಯವರೆಗೆ ಮಾತ್ರ. ಹೆಸರಿನ ಹಿಂದಿನ ‘ಡಾಕ್ಟರ್’ ಗೌರವ ಪದವಿಯಿಂದ ಬಂದದ್ದು. ಕೆಲವರು ಇದನ್ನು ವಿಪರ್ಯಾಸವೆಂದು ಮುಗುಳ್ನಗುತ್ತಾರೆ, ಕೆಲವರು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಆದರೆ ಇನ್ನೊಂದು ಸಂಗತಿಯತ್ತ ಹೆಚ್ಚು ಜನರ ಗಮನ ಹರಿದಿಲ್ಲ. ಯಾವುದೇ ವಿಶ್ವವಿದ್ಯಾಲಯದ ಸಂಗೀತ ವಿಭಾಗದ ಕಾಯಂ ಅಧ್ಯಾಪಕ ಹುದ್ದೆಗೆ ಈಗಿನ ಕಾಲದಲ್ಲಿ ಗಂಗೂಬಾಯಿಯವರಂಥವರೊಬ್ಬರು ಅರ್ಜಿ ಹಾಕಿದರೆ, ಆ ಅರ್ಜಿ ಗುಮಾಸ್ತರ ಮೇಜನ್ನು ದಾಟುವುದಿಲ್ಲ.

ಉದ್ಯೋಗದಲ್ಲಿ ಮೇಲೆ ಬರಲು ಪರಿಶ್ರಮ ಮುಖ್ಯವೋ ಪ್ರಮಾಣಪತ್ರ ಮುಖ್ಯವೋ ಎಂಬ ಚರ್ಚೆ ಬ್ಯಾಂಕು, ಕಾರ್ಖಾನೆ, ಕಂಪ್ಯೂಟರ್ ಕಂಪನಿ ಎಲ್ಲ ಕಡೆಯೂ ನಡೆಯುತ್ತದೆ. ಅಲ್ಲೆಲ್ಲ ಒಬ್ಬರ ದುಡಿಮೆ ಹತ್ತು ಜನರ ದುಡಿಮೆಯೊಳಗೆ ಬೆರೆತುಹೋಗಿರುತ್ತದೆ. ಇಷ್ಟು ಇವರದು ಎಂದು ಬೇರ್ಪಡಿಸಿ ತೋರಿಸುವುದು ಕಷ್ಟ. ಸಂಗೀತದಲ್ಲಿ ಪರಿಶ್ರಮಕ್ಕೆ ರಿಯಾಜು ಎಂಬ ಸ್ವಂತ ಹೆಸರೇ ಇದೆ. ಮಾಡಿದ್ದರೆ ಕೇಳಿಸುತ್ತದೆ, ಮಾಡದಿದ್ದರೆ ಅದೂ ಕೇಳಿಸುತ್ತದೆ. ಇಷ್ಟು ಬಯಲಾಗಿ ಪರೀಕ್ಷೆಗೆ ನಿಲ್ಲುವ ವಿದ್ಯೆಯಲ್ಲೂ ಕಾಗದದ ಮಾತು ಹೇಗೆ ಮೇಲಾಯಿತು ಎಂಬುದನ್ನು ತಿಳಿದರೆ ಉಳಿದ ಕ್ಷೇತ್ರಗಳ ಕಥೆಯೂ ಸ್ವಲ್ಪ ಅರ್ಥವಾದೀತು. ಇದಕ್ಕೆ ಹಿಂದೂಸ್ತಾನಿ ಸಂಗೀತದ ಕಳೆದ ಒಂದೂಕಾಲು ಶತಮಾನದ ಇತಿಹಾಸವನ್ನು, ಅದರಲ್ಲೂ ಮಿರಜ್‌ನಿಂದ ಗದಗದವರೆಗಿನ ಸೀಮೆಯನ್ನು ನೋಡಬಹುದು.

ಹಿಂದೆ ಪ್ರಮಾಣಪತ್ರವೆಂಬುದೇ ಇರಲಿಲ್ಲ, ವಿದ್ಯೆಯೊಂದೇ ಮಾತನಾಡುತ್ತಿತ್ತು ಎಂದು ಹಿರಿಯರು ಹೇಳುವುದುಂಟು. ಇದು ಅರ್ಧ ನಿಜ. ಕಾಗದ ಇರಲಿಲ್ಲ, ಪ್ರಮಾಣ ಇತ್ತು. ಹೊಸ ಗವಾಯಿ ಊರಿಗೆ ಬಂದರೆ ಹಾಡು ಕೇಳುವ ಮೊದಲೇ ಕೇಳುತ್ತಿದ್ದ ಪ್ರಶ್ನೆ: ಯಾರ ಶಿಷ್ಯ, ಯಾವ ಘರಾಣೆ? ಗುರು ಶಿಷ್ಯನ ಕೈಗೆ ಗಂಡಾ ಕಟ್ಟುತ್ತಿದ್ದರು. ಆ ದಾರವೇ ಅಂದಿನ ಸರ್ಟಿಫಿಕೇಟು. ಅದನ್ನು ಕಟ್ಟಿಸಿಕೊಳ್ಳುವುದು ಅರ್ಜಿ ತುಂಬಿದಷ್ಟು ಸುಲಭವಾಗಿರಲಿಲ್ಲ. ಮಕ್ಕಳಿಗೆ, ಬಂಧುಗಳಿಗೆ ವಿದ್ಯೆಯ ಮೊದಲ ಪಾಲು. ಹೊರಗಿನವರು ಗುರುಮನೆಯ ಚಾಕರಿ ಮಾಡಿಕೊಂಡು, ಮನಸ್ಸು ಕರಗುವವರೆಗೆ ಕಾಯಬೇಕು. ಅಪರೂಪದ ಚೀಜುಗಳನ್ನು ಶಿಷ್ಯರಿಗೂ ಪೂರ್ತಿ ಬಿಟ್ಟುಕೊಡದ ಉಸ್ತಾದರಿದ್ದರು. ಗದಗಿನ ಹುಡುಗ ಭೀಮಸೇನ ಜೋಶಿ 1933ರಲ್ಲಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟರು. ಗ್ವಾಲಿಯರ್, ಜಾಲಂಧರ್ ಎಂದು ಉತ್ತರ ಭಾರತವನ್ನೆಲ್ಲ ಸುತ್ತಿ ಬಂದ ಮೇಲೆ, 1936ರಲ್ಲಿ ಗುರು ದೊರೆತದ್ದು ತಮ್ಮದೇ ಸೀಮೆಯ ಕುಂದಗೋಳದಲ್ಲಿ, ಸವಾಯಿ ಗಂಧರ್ವರ ಮನೆಯಲ್ಲಿ. ರಿಯಾಜು ಶುರುವಾಗುವ ಮುನ್ನವೇ ಮೂರು ವರ್ಷದ ಅಲೆದಾಟ! ಬಾಗಿಲು ತೆರೆಯುವವರೆಗಿನ ಈ ದುಡಿಮೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಲೆದು ಅಲೆದು ಬಾಗಿಲೇ ಸಿಗದೆ ಹಿಂದಿರುಗಿದವರ ಹೆಸರಂತೂ ಯಾವ ಪುಸ್ತಕದಲ್ಲೂ ಇಲ್ಲ.

ಈ ವ್ಯವಸ್ಥೆಗೆ ಪರ್ಯಾಯ ಹುಡುಕಿದ ಇಬ್ಬರು ಮಹಾರಾಷ್ಟ್ರದವರು, ಇಬ್ಬರ ಹೆಸರೂ ವಿಷ್ಣು. ವಿಷ್ಣು ದಿಗಂಬರ ಪಲುಸ್ಕರ್ ಮಿರಜ್‌ನಲ್ಲಿ ಬಾಲಕೃಷ್ಣಬುವಾ ಇಚಲಕರಂಜಿಕರ್ ಅವರ ಬಳಿ ಹಳೆಯ ಪದ್ಧತಿಯಲ್ಲೇ ಕಲಿತವರು. 1901ರಲ್ಲಿ ಅವರು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ಪಠ್ಯಕ್ರಮ, ತರಗತಿ, ಪರೀಕ್ಷೆ ಎಲ್ಲವೂ ಶಾಲೆಯ ಮಾದರಿ. ಅವರು ತೀರಿಕೊಂಡ 1931ರಲ್ಲೇ ಶಿಷ್ಯರು ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲವನ್ನು ಕಟ್ಟಿದರು. ಪ್ರಾರಂಭಿಕದಿಂದ ವಿಶಾರದ, ಅಲಂಕಾರದವರೆಗಿನ ಅದರ ಪರೀಕ್ಷೆಗಳಿಗೆ ಧಾರವಾಡ, ಬೆಳಗಾವಿ ಕಡೆಯ ಮಕ್ಕಳು ಈಗಲೂ ಕೂರುತ್ತಾರೆ. ಇನ್ನೊಬ್ಬರು ವಿಷ್ಣು ನಾರಾಯಣ ಭಾತಖಂಡೆ, ವೃತ್ತಿಯಿಂದ ವಕೀಲರು. ಊರೂರು ತಿರುಗಿ, ಉಸ್ತಾದರ ಕಂಠದಲ್ಲಿದ್ದ ಬಂದಿಶ್‌ಗಳನ್ನು ಸ್ವರಲಿಪಿಯಲ್ಲಿ ಬರೆದು ಅಚ್ಚು ಹಾಕಿಸಿದರು. 1926ರಲ್ಲಿ ಲಖನೌದಲ್ಲಿ ಅವರ ಪ್ರಯತ್ನದಿಂದ ಮ್ಯಾರಿಸ್ ಕಾಲೇಜು ಆರಂಭವಾಯಿತು. ಅದು ಇಂದು ಅವರ ಹೆಸರಿನ ವಿಶ್ವವಿದ್ಯಾಲಯವಾಗಿದೆ.

ಅದೇ ಬಾಲಕೃಷ್ಣಬುವಾ ಅವರ ಇನ್ನೊಬ್ಬ ಶಿಷ್ಯರು ನೀಲಕಂಠಬುವಾ. ಇವರು ಪರೀಕ್ಷೆಯ ಗೋಜಿಗೆ ಹೋಗದೆ ಮಿರಜ್‌ನಲ್ಲಿ ಮೊದಲಿನಂತೆಯೇ ಪಾಠ ಹೇಳಿದರು. ಬಾಲ್ಯದಲ್ಲೇ ಶಾಲೆಗಿಂತ ನಾಟಕ ಕಂಪನಿಗೆ ಹೆಚ್ಚು ಹತ್ತಿರವಾಗಿದ್ದ ಧಾರವಾಡ ಕಡೆಯ ಒಬ್ಬ ಹುಡುಗ ಅವರ ಬಳಿ ಗ್ವಾಲಿಯರ್ ಗಾಯಕಿ ಕಲಿತ. ಆ ಹುಡುಗನೇ ಮಲ್ಲಿಕಾರ್ಜುನ ಮನಸೂರ. ಹೀಗೆ ಒಂದೇ ಗುರುವಿನಿಂದ ಹೊರಟ ಒಂದು ಕವಲು ದೇಶಕ್ಕೆಲ್ಲ ಪರೀಕ್ಷೆ ಕೊಟ್ಟಿತು, ಇನ್ನೊಂದು ಮನಸೂರರನ್ನು ಕೊಟ್ಟಿತು. ಎರಡನೆಯದೇ ಶ್ರೇಷ್ಠವೆಂದು ಥಟ್ಟನೆ ತೀರ್ಮಾನಿಸಬಾರದು. ಅದಕ್ಕೆ ಕಾರಣವನ್ನು ಮುಂದೆ ನೋಡೋಣ.

ಮೊದಲು ರಿಯಾಜಿನ ಮಾತು. ಗಂಗೂಬಾಯಿಯವರು ಕುಂದಗೋಳದಲ್ಲಿ ಕಟ್ಟುನಿಟ್ಟಾಗಿ ಕಲಿಯತೊಡಗಿದ್ದು 1930ರ ದಶಕದ ಕೊನೆಯಲ್ಲಿ. ಆ ಹೊತ್ತಿಗೆ ಅವರು ಅಜ್ಞಾತರೇನೂ ಆಗಿರಲಿಲ್ಲ. ಗ್ರಾಮಫೋನ್ ತಟ್ಟೆಗಳು ಹೊರಬಂದಿದ್ದವು. ಆದರೂ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ, ಗುರುಗಳ ಮುಂದೆ ಕುಳಿತು, ಕೊಟ್ಟ ಪಲ್ಟಾವನ್ನು ಮತ್ತೆ ಮತ್ತೆ ಹೇಳಿ ಬರುತ್ತಿದ್ದರು. ಮನೆಯಲ್ಲಿ ಸಂಸಾರ, ಮಕ್ಕಳು, ಹಣದ ಮುಗ್ಗಟ್ಟು ಇದ್ದೇ ಇತ್ತು. ಮನಸೂರರದೂ ಇದೇ ರೀತಿ. ತಟ್ಟೆಗಳಿಂದ ಹೆಸರು ಬಂದ ಮೇಲೆ ಜೈಪುರ-ಅತ್ರೌಲಿ ಘರಾಣೆಯ ಮಂಜೀಖಾನರ ಶಿಷ್ಯರಾದರು; 1937ರಲ್ಲಿ ಅವರು ತೀರಿಕೊಂಡಾಗ ಅವರ ತಮ್ಮ ಭುರ್ಜೀಖಾನರ ಬಳಿ ಕಲಿಕೆ ಮುಂದುವರಿಸಿದರು. ಜನ ಒಪ್ಪಿದ ಮೇಲೂ ಮತ್ತೆ ವಿದ್ಯಾರ್ಥಿಯಾಗುವ ಈ ಮನೋಧರ್ಮವನ್ನು ಯಾವ ಅಂಕಪಟ್ಟಿಯೂ ಅಳೆಯಲಾರದು. ಪರೀಕ್ಷೆಯಲ್ಲಿ ಅರ್ಧ ಗಂಟೆಯಲ್ಲಿ ತಿಳಿಯುವುದು ಒಂದು ಬಡಾ ಖ್ಯಾಲ್, ಒಂದು ಛೋಟಾ ಖ್ಯಾಲ್, ನಾಲ್ಕಾರು ತಾನು, ರಾಗದ ವಾದಿ-ಸಂವಾದಿ ಯಾವುದೆಂಬ ಉತ್ತರ. ಪರೀಕ್ಷಕರಿಗೂ ಸಂಜೆಯ ಬಸ್ಸು ಹಿಡಿಯುವ ಆತುರ ಇರುತ್ತದೆಯಷ್ಟೆ.

ಇಷ್ಟಾದರೂ ಪ್ರಮಾಣಪತ್ರವನ್ನು ಹಗುರವಾಗಿ ಕಾಣುವಂತಿಲ್ಲ. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನ ನಡೆದಾಗ ಸ್ವಾಗತಗೀತೆ ಹಾಡಿದ ಹುಡುಗಿಯರಲ್ಲಿ ಗಂಗೂಬಾಯಿಯೂ ಒಬ್ಬರು. ತಮ್ಮ ಜಾತಿಯ ಕಾರಣಕ್ಕೆ ಊಟದ ನಂತರ ಎಂಜಲೆಲೆ ಎತ್ತಲು ಹೇಳುವರೇನೋ ಎಂಬ ಅಳುಕು ಆಗ ಮನಸ್ಸಿನಲ್ಲಿತ್ತೆಂದು ಅವರು ಮುಂದೆ ನೆನೆದುಕೊಂಡಿದ್ದಾರೆ. ಕಂಠವನ್ನು ಮೆಚ್ಚುವ ಸಮಾಜವೇ ಪಂಕ್ತಿಯಲ್ಲಿ ಕೂರಿಸಲು ಹಿಂಜರಿಯುತ್ತಿತ್ತು. ‘ವಿದ್ಯೆಯನ್ನು ನೇರವಾಗಿ ನೋಡಿ ಬೆಲೆ ಕಟ್ಟುತ್ತೇವೆ’ ಎನ್ನುವವರ ಕಣ್ಣು ವಿದ್ಯೆಯೊಂದನ್ನೇ ನೋಡುತ್ತಿರಲಿಲ್ಲ. ಕುಲ, ಮನೆತನ, ಹೆಣ್ಣೋ ಗಂಡೋ ಎಂಬುದನ್ನೂ ನೋಡುತ್ತಿತ್ತು. ಉಸ್ತಾದರ ಮನೆಯಲ್ಲಿ ವರ್ಷಗಟ್ಟಲೆ ಇದ್ದು ಕಲಿಯಲಾಗದ ಸಾಮಾನ್ಯ ಮನೆಯ ಹುಡುಗಿ ಅಚ್ಚಾದ ಪುಸ್ತಕ ಹಿಡಿದು, ಸಂಜೆಯ ತರಗತಿಗೆ ಹೋಗಿ, ಪರೀಕ್ಷೆ ಪಾಸು ಮಾಡಿ, ಹೈಸ್ಕೂಲಿನಲ್ಲಿ ಸಂಗೀತ ಶಿಕ್ಷಕಿಯಾಗುವುದು ಸಾಧ್ಯವಾದದ್ದು ಇಬ್ಬರು ವಿಷ್ಣುಗಳ ಈ ಕೆಲಸದಿಂದ. ಆಕೆ ದೊಡ್ಡ ಗಾಯಕಿಯಾಗದಿರಬಹುದು. ಸಂಬಳದ ದಿನ ಸಹಿ ಮಾಡಿ ಹಣ ಎಣಿಸಿಕೊಂಡಳು ಎಂಬುದು ಸಣ್ಣ ವಿಷಯವಲ್ಲ.

ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಇದೇ ದೃಷ್ಟಿಯಿಂದ ನೋಡಬೇಕು. ಸ್ವತಃ ಕಣ್ಣು ಕಾಣದ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳನ್ನು, ಬಡ ಮಕ್ಕಳನ್ನು ಸಾಕಿ ಸಂಗೀತ ಕಲಿಸಿದರು. ಅಲ್ಲಿಯ ರಿಯಾಜಿನ ಬಗ್ಗೆ ಅನುಮಾನವಿಲ್ಲ. ಬಸವರಾಜ ರಾಜಗುರು ಅವರಂಥವರು ಪಂಚಾಕ್ಷರಿ ಗವಾಯಿಗಳ ಕೈಯಲ್ಲಿ ಬೆಳೆದವರು. ಆದರೆ ಎಲ್ಲರೂ ರಾಜಗುರು ಆಗುವುದಿಲ್ಲ. ಉಳಿದವರು ಹಾರ್ಮೋನಿಯಂ, ತಬಲಾ ನುಡಿಸುತ್ತ, ಶಾಲೆಗಳಲ್ಲಿ ಪಾಠ ಹೇಳುತ್ತ ಜೀವನ ಮಾಡಬೇಕು. ಹಳ್ಳಿಯಿಂದ ಬಂದ ಅಂಧ ಯುವಕನೊಬ್ಬ ಕಚೇರಿಯ ಕಿಟಕಿಯ ಮುಂದೆ ನಿಂತು ‘ನನಗೆ ಹಾಡಲು ಬರುತ್ತದೆ’ ಎಂದರೆ ಒಳಗಿರುವವರು ತಲೆ ಎತ್ತುವುದಿಲ್ಲ. ಮುದ್ರೆ ಒತ್ತಿದ ಕಾಗದ ಚಾಚಿದರೆ ಎತ್ತಲೇಬೇಕು. ಬೆನ್ನಿಗೆ ಯಾರೂ ಇಲ್ಲದವರಿಗೇ ಕಾಗದ ಹೆಚ್ಚು ಬೇಕು. ಘರಾಣೆಯ ಕುಡಿಗಳಿಗೆ ಅದಿಲ್ಲದಿದ್ದರೂ ನಡೆಯುತ್ತದೆ.

ಕಾಗದ ಕೇಳದೆ ಹಾಡನ್ನೇ ಕೇಳಿ ದರ್ಜೆ ಕೊಡುವ ಪ್ರಯೋಗವೂ ಈ ದೇಶದಲ್ಲಿ ನಡೆದಿದೆ. 1952ರಲ್ಲಿ ಪ್ರಸಾರ ಖಾತೆಯ ಸಚಿವರಾದ ಬಿ.ವಿ. ಕೇಸ್ಕರ್ ಅವರ ಕಾಲದಲ್ಲಿ ಆಕಾಶವಾಣಿ ಕಲಾವಿದರಿಗೆ ಆಡಿಶನ್ ಕಡ್ಡಾಯವಾಯಿತು. ಭಾತಖಂಡೆಯವರ ಶಿಷ್ಯ ಎಸ್.ಎನ್. ರಾತಂಜನಕರ್ ಪರಿಶೀಲನಾ ಮಂಡಳಿಯ ಪ್ರಮುಖರು. ಹಲವು ಕಲಾವಿದರು ಸಿಟ್ಟಿಗೆದ್ದು ಪ್ರತಿಭಟಿಸಿದರು. ಇಷ್ಟು ವರ್ಷ ಹಾಡಿದವರಿಗೆ ಮತ್ತೆ ಪರೀಕ್ಷೆಯೇ ಎಂಬುದು ಅವರ ಆಕ್ಷೇಪ; ಅದರಲ್ಲಿ ಹುರುಳಿತ್ತು. ಆದರೆ ಈ ಪರೀಕ್ಷೆಗೆ ಮೆಟ್ರಿಕ್ ಪಾಸಾಗಿದೆಯೇ ಎಂದು ಯಾರೂ ಕೇಳಲಿಲ್ಲ. ಐದನೆಯ ಇಯತ್ತೆಯವರಿಗೂ ಎಂ.ಎ. ಆದವರಿಗೂ ಮೈಕಿನ ಮುಂದೆ ಒಂದೇ ನಿಯಮ. ಧಾರವಾಡದಲ್ಲಿ 1950ರಲ್ಲಿ ಆಕಾಶವಾಣಿ ಕೇಂದ್ರ ಆರಂಭವಾಗಿತ್ತು. ಮುಂದೆ ಮನಸೂರರೇ ಅದರ ಸಂಗೀತ ಸಲಹೆಗಾರರಾದರು. ಕಾಲಕ್ರಮದಲ್ಲಿ ಆ ದರ್ಜೆಯೇ ಇನ್ನೊಂದು ಸರ್ಟಿಫಿಕೇಟು ಆಯಿತೆನ್ನುವುದು ಬೇರೆ ಮಾತು. ಆಮಂತ್ರಣ ಪತ್ರಿಕೆಗಳಲ್ಲಿ ‘ಆಕಾಶವಾಣಿ ಎ ಶ್ರೇಣಿ ಕಲಾವಿದರು’ ಎಂಬ ಸಾಲು ಗಾಯಕರ ಹೆಸರಿನಷ್ಟೇ ದಪ್ಪಕ್ಷರದಲ್ಲಿ ಇರುತ್ತದೆ. ಕಿವಿ ಕೊಟ್ಟ ತೀರ್ಪು ಕೂಡ ಕಡತ ಸೇರಿದ ಮೇಲೆ ಕಾಗದವೇ.

ಹಾಗಾದರೆ ಈಗಿನ ಸ್ಥಿತಿ ಏನು? ಮೆಹಫಿಲು ಇವತ್ತಿಗೂ ಪದವಿ ಕೇಳುವುದಿಲ್ಲ. ಮುಂದಿನ ಸಾಲಿನ ಶ್ರೋತೃ ತಾನೇ ಕೇಳಿ ತಲೆದೂಗುತ್ತಾನೆ ಅಥವಾ ಎದ್ದು ಹೋಗುತ್ತಾನೆ. ಆದರೆ ಮೆಹಫಿಲನ್ನೇ ನಂಬಿ ಬದುಕುವವರು ಬೆರಳೆಣಿಕೆಯಷ್ಟು ಮಂದಿ. ತಿಂಗಳ ಸಂಬಳ, ಬಡ್ತಿ, ನಿವೃತ್ತಿಯ ಭದ್ರತೆ ಇರುವುದು ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿ ಸಂಗೀತದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಎರಡು ದಾರಿಗಳನ್ನು ಇಟ್ಟಿತು. ಒಂದು ಎಲ್ಲರಿಗೂ ತಿಳಿದದ್ದು: ಶೇ. 55 ಅಂಕಗಳ ಸ್ನಾತಕೋತ್ತರ ಪದವಿ, ಮೇಲೆ ನೆಟ್ ಪರೀಕ್ಷೆ ಅಥವಾ ಪಿಎಚ್.ಡಿ. ಇನ್ನೊಂದು ಪರಂಪರೆಯಿಂದ ಬಂದ ಕಲಾವಿದರಿಗಾಗಿ: ಹೆಸರಾಂತ ಗುರುಗಳ ಬಳಿ ಕಲಿತಿರಬೇಕು, ಆಕಾಶವಾಣಿ ಅಥವಾ ದೂರದರ್ಶನದ ಎ ಶ್ರೇಣಿ ಇರಬೇಕು, ವಿಷಯವನ್ನು ವಿವರಿಸುವ ಶಕ್ತಿ ಇರಬೇಕು. ನಿಯಮ ಬರೆದವರು ಗುರುಪರಂಪರೆ, ಆಡಿಶನ್ ಎರಡನ್ನೂ ಮಾನ್ಯ ಮಾಡಿದ್ದು ಮೆಚ್ಚತಕ್ಕದ್ದು. ಆದರೆ ಅದೇ ವಾಕ್ಯದಲ್ಲಿ ಒಂದು ಪದವಿಯಾದರೂ ಇರಲೇಬೇಕೆಂಬ ಷರತ್ತನ್ನೂ ಸೇರಿಸಿದರು. ಅಲ್ಲಿಗೆ ಗಂಗೂಬಾಯಿ, ಮನಸೂರ ಇಬ್ಬರ ಮಾದರಿಯವರೂ ಹೊರಗುಳಿದರು. ಕರ್ನಾಟಕ ವಿಶ್ವವಿದ್ಯಾಲಯ ಗಂಗೂಬಾಯಿಯವರನ್ನು ಗೌರವ ಪ್ರಾಧ್ಯಾಪಕರನ್ನಾಗಿ ಮಾಡಿಕೊಂಡದ್ದು ಹಿಂದಿನ ಮಾತು.

2022ರಲ್ಲಿ ಆಯೋಗ ಇನ್ನೊಂದು ಕಿಂಡಿ ತೆರೆಯಿತು. ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಎಂಬ ಈ ಹುದ್ದೆಗೆ ಔಪಚಾರಿಕ ವಿದ್ಯಾರ್ಹತೆಯ ಕಡ್ಡಾಯವಿಲ್ಲ. ತಮ್ಮ ವೃತ್ತಿಯಲ್ಲಿ ಕನಿಷ್ಠ 15 ವರ್ಷದ ಅನುಭವ, ಎತ್ತರದ ಸ್ಥಾನ ಇದ್ದರೆ ಸಾಕು. ಮಂಜೂರಾದ ಹುದ್ದೆಗಳ ಶೇ. 10ನ್ನು ಇಂಥವರ ಸಂಖ್ಯೆ ಮೀರುವಂತಿಲ್ಲ. ಸಾಮಾನ್ಯವಾಗಿ ಮೂರು ವರ್ಷ, ವಿಶೇಷ ಸಂದರ್ಭದಲ್ಲಿ ನಾಲ್ಕು; ಅದಾದ ಮೇಲೆ ಮನೆಗೆ. ಕಾಯಂ ಅಧ್ಯಾಪಕರಿಗಿರುವ ಬಡ್ತಿಯ ಮೆಟ್ಟಿಲು ಇಲ್ಲಿಲ್ಲ. ಕುಂದಗೋಳದ ಪದ್ಧತಿಯಲ್ಲಿ ಕಲಿಸುವ ಗುರುವಿಗೆ ಶಿಷ್ಯನ ಷಡ್ಜ ನಿಲ್ಲಿಸಲಿಕ್ಕೇ ಇಷ್ಟು ಕಾಲ ಹಿಡಿಯುತ್ತದೆ.

ಇನ್ನು ಸಂಗೀತ ವಿಭಾಗಗಳಲ್ಲಿ ತಬಲಾ, ಹಾರ್ಮೋನಿಯಂ ಸಾಥಿ ನೀಡುವವರ ವಿಷಯ. ವಿದ್ಯಾರ್ಥಿಯ ಲಯ ಎಲ್ಲಿ ತಪ್ಪುತ್ತದೆಂದು ಅಧ್ಯಾಪಕರಿಗಿಂತ ಮೊದಲೇ ತಿಳಿಯುವುದು ಇವರಿಗೆ. ಹತ್ತಿಪ್ಪತ್ತು ವರ್ಷ ಅದೇ ಕೋಣೆಯಲ್ಲಿ ಠೇಕಾ ಹಿಡಿದು ಕುಳಿತರೂ, ಪದವಿ ಇಲ್ಲದಿದ್ದರೆ ಅವರು ಸಾಥಿದಾರರಾಗಿಯೇ ಉಳಿಯುತ್ತಾರೆ. ಎದುರಿಗೆ ಕಲಿತು ಪಾಸಾಗಿ ಹೋದ ಹುಡುಗ ನೆಟ್ ಮುಗಿಸಿ ಅಧ್ಯಾಪಕನಾಗಿ ಅದೇ ಕೋಣೆಗೆ ಬರಬಹುದು. ಬಂದವನು ಒಳ್ಳೆಯವನಾದರೆ ಮೊದಲು ಅವರ ಕಾಲು ಮುಟ್ಟುತ್ತಾನೆ, ಆಮೇಲೆ ಹಾಜರಿ ಪುಸ್ತಕಕ್ಕೆ ಸಹಿ ಮಾಡುತ್ತಾನೆ.