ಆಪರೇಷನ್‌ಗೆ ಮುಂಚೆ ತೋಟದ ಮಾತು



ಅನಸ್ತೇಶಿಯಾ ಅಂದರೆ ನಿದ್ದೆಯ ಇಂಜೆಕ್ಷನ್ ಅಂತಲೇ ಹೆಚ್ಚಿನವರ ಎಣಿಕೆ. ನಿದ್ದೆಗೆ, ನೋವಿಗೆ, ಸ್ನಾಯು ಸಡಿಲಾಗುವುದಕ್ಕೆ ಬೇರೆ ಬೇರೆ ಔಷಧಿಗಳಿವೆ. ಹೊಟ್ಟೆ ಬಿಗಿದಿದ್ದರೆ ಸರ್ಜನ್ನರ ಕೈ ಆಡುವುದಿಲ್ಲ. ದಕ್ಷಿಣ ಅಮೆರಿಕದ ಬೇಟೆಗಾರರು ಬಾಣಕ್ಕೆ ಹಚ್ಚುತ್ತಿದ್ದ ಕ್ಯುರಾರೆಯನ್ನು 1942ರಲ್ಲಿ ಮಾಂಟ್ರಿಯಲ್‌ನ ಹೆರಾಲ್ಡ್ ಗ್ರಿಫಿತ್, ಎನಿಡ್ ಜಾನ್ಸನ್ ಆಪರೇಷನ್‌ಗೆ ಬಳಸಿದ್ದು ಇದಕ್ಕೇ.

ಇವತ್ತಿನ ಮಾತು ಆಮೇಲೆ ಅದೇ ಕೆಲಸಕ್ಕೆ ಬಂದ ಸಕ್ಸಿನೈಲ್‌ಕೋಲಿನ್‌ನದು. ಥಿಯೇಟರಿನಲ್ಲಿ ಅನಸ್ತೇಶಿಯಾ ಕೊಡುವ ನಾವು ಇದನ್ನು ಸ್ಕೋಲಿನ್ ಅನ್ನುತ್ತೇವೆ. ಕೊಟ್ಟ ಅರೆ ನಿಮಿಷಕ್ಕೆ ರೆಪ್ಪೆ ಅದುರುತ್ತದೆ. ಆ ಅದುರು ಕುತ್ತಿಗೆ, ತೋಳು ದಾಟಿ ಮೀನಖಂಡಕ್ಕೆ ಇಳಿಯುತ್ತದೆ. ಆಮೇಲೆ ಇಡೀ ಮೈ ಸಡಿಲ, ಉಸಿರೂ ಇಲ್ಲ. ಉಸಿರಾಡಿಸುವುದು ನಮ್ಮ ಕೆಲಸ. ಮರುದಿನ ಕೆಲವರಿಗೆ ಕುದುರೆಮುಖ ಹತ್ತಿಳಿದಷ್ಟು ಮೈಕೈ ನೋವು. ಹತ್ತು ನಿಮಿಷದ ಆಸುಪಾಸಿನಲ್ಲಿ ಇದರ ಪ್ರಭಾವ ಇಳಿಯಬೇಕು. ಇಳಿಸುವುದು ಲಿವರ್ ತಯಾರಿಸಿ ರಕ್ತಕ್ಕೆ ಬಿಡುವ ಕೋಲಿನ್‌ಎಸ್ಟರೇಸ್ ಎಂಬ ಕಿಣ್ವ.

ಅರೇಬಿಕಾ ಕಾಫಿ ತೋಟದವರು ಇಲ್ಲಿ ಕಿವಿಗೊಡಿ. ಬಿಳಿ ಕಾಂಡಕೊರಕಕ್ಕೆ ಹೊಡೆಯುವ ಕ್ಲೋರ್‌ಪೈರಿಫಾಸ್ ಹುಳವನ್ನು ಕೊಲ್ಲುವುದು ಇದೇ ಬಳಗದ ಕಿಣ್ವವನ್ನು ಕಟ್ಟಿಹಾಕಿ. ಗ್ಲೌಸು, ಮಾಸ್ಕು ಇಲ್ಲದೆ ದಿನಗಟ್ಟಲೆ ಹೊಡೆದವರ ರಕ್ತದಲ್ಲೂ ಕಿಣ್ವ ಕುಗ್ಗಬಹುದು. ಮತ್ತೆ ತುಂಬಿಕೊಳ್ಳಲು ವಾರಗಳೇ ಬೇಕು. ಆ ನಡುವೆ ಅಪೆಂಡಿಕ್ಸ್ ಅಂತ ಬಂದು ಮಲಗಿದಾಗ ಸ್ಕೋಲಿನ್ ಕೊಟ್ಟರೆ ಉಸಿರು ಮರಳುವುದು ತಡ. ಅಡಿಕೆಗೆ ಹೊಡೆಯುವ ಬೋರ್ಡೋ ಈ ಬಗೆಯದಲ್ಲ, ಅದು ಮೈಲುತುತ್ತ ಮತ್ತು ಸುಣ್ಣ. ಹಾಗಾಗಿ ‘ಔಷಧಿ ಹೊಡೆದಿದ್ದೆ’ ಅಂದರೆ ಸಾಲದು, ಯಾವುದು ಅಂತ ಹೇಳಿ. ಡಬ್ಬಿಯ ಫೋಟೋ ಇದ್ದರೆ ಇನ್ನೂ ವಾಸಿ.

ಹುಟ್ಟಿನಿಂದಲೇ ಈ ಕಿಣ್ವ ಕೆಲಸ ಮಾಡದವರೂ ಇದ್ದಾರೆ. ಆರ್ಯವೈಶ್ಯರಲ್ಲಿ ಇದು ಹೆಚ್ಚು. ಕಿಣ್ವದ 307ನೇ ಜಾಗದಲ್ಲಿ ಲ್ಯೂಸಿನ್ ಬದಲು ಪ್ರೊಲಿನ್ ಕೂತಿರುವುದನ್ನು 2006ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಇದು ಕಾಯಿಲೆಯಲ್ಲ, ಸ್ಕೋಲಿನ್ ಕೊಡುವವರೆಗೆ ಗೊತ್ತೂ ಆಗುವುದಿಲ್ಲ. ಕೊಟ್ಟರೆ ಗಂಟೆಗಟ್ಟಲೆ ಸ್ವಂತ ಉಸಿರಿರುವುದಿಲ್ಲ. ಆಗ ವೆಂಟಿಲೇಟರಿನಲ್ಲಿಟ್ಟು, ನಿದ್ದೆಯ ಔಷಧಿ ನಿಲ್ಲಿಸದೆ ಕಾಯಬೇಕು. ನಿದ್ದೆ ಹರಿದರೆ ರೋಗಿಗೆ ಎಲ್ಲ ಕೇಳಿಸುತ್ತದೆ, ಬೆರಳೆತ್ತಲು ಆಗುವುದಿಲ್ಲ. ನನ್ನ ಪ್ರಕಾರ ನಮ್ಮ ವೃತ್ತಿಯಲ್ಲಿ ಇದಕ್ಕಿಂತ ದೊಡ್ಡ ಅಪಚಾರ ಇಲ್ಲ.

ಅದಕ್ಕೇ ನಾವು ಮನೆಯಲ್ಲಿ ಯಾರಿಗಾದರೂ ಆಪರೇಷನ್ ಆದಮೇಲೆ ಎಚ್ಚರ ತಡವಾಗಿತ್ತಾ ಅಂತ ಕೇಳಿದರೆ, ‘ಏನಿಲ್ಲ ಡಾಕ್ಟ್ರೇ’ ಅಂದುಬಿಡುತ್ತಾರೆ. ಹೇಳಿದರೆ ಆಪರೇಷನ್ ಮುಂದಕ್ಕೆ ಹೋದೀತು ಅಂತ ಭಯ. ಇದೊಂದೇ ಕಾರಣಕ್ಕೆ ಮುಂದಕ್ಕೆ ಹಾಕಬೇಕಾಗಿ ಬರುವುದು ಅಪರೂಪ. ಸ್ನಾಯು ಸಡಿಲಿಸಲು ರೊಕುರೋನಿಯಂ ಎಂಬ ಇನ್ನೊಂದು ಔಷಧಿ ಇದೆ, ಅದಕ್ಕೆ ಈ ಕಿಣ್ವದ ಹಂಗಿಲ್ಲ.