ದನದ ಉಸಿರು

ಕ್ಯಾಸನೂರೆಂದೊಡನೆ ಕೇಳುಗರಲ್ಲಿ ಅನೇಕರಿಗೆ ಮಂಗನ ಕಾಯಿಲೆಯ ನೆನಪಾಗುವುದು ಸಹಜ. 1957ರಲ್ಲಿ ಸೊರಬ ತಾಲ್ಲೂಕಿನ ಆ ಕಾಡಿನಲ್ಲಿ ಮಂಗಗಳು ಸತ್ತುಬಿದ್ದು, ಉಣುಗುಗಳಿಂದ ಮನುಷ್ಯರಿಗೂ ತಗಲುವ ಹೊಸ ರೋಗವೊಂದು ಗೊತ್ತಾಯಿತು. ಜಗತ್ತಿನ ವೈದ್ಯಗ್ರಂಥಗಳಲ್ಲಿ ಆ ಊರಿನ ಹೆಸರೇ ರೋಗದ ಹೆಸರಾಯಿತು. ಇಂದಿನ ನನ್ನ ಮಾತು ಅಂಥ ಪ್ರಸಿದ್ಧಿಯಿಲ್ಲದ ವಿಷಯ: ಮಲೆನಾಡಿನ ಸಣ್ಣ ಹಿಡುವಳಿದಾರನ ಕೊಟ್ಟಿಗೆಯಲ್ಲಿ ದನಗಳಿಗೆ ಬರುವ ಉಸಿರಿನ ಬೇನೆ.

ಪಟ್ಟಣವಾಸಿಗಳಾದ ನಮ್ಮಲ್ಲಿ ಹಲವರಿಗೆ ಊರಿನಲ್ಲಿ ಒಂದೆರಡು ಎಕರೆ ಗದ್ದೆ, ನಾಲ್ಕಾರು ಗಿಡ್ಡ ದನಗಳು ಉಂಟು. "ಎತ್ತು ಏದುತ್ತಿದೆ, ಏನು ಮಾಡೋಣ?" ಎಂದು ಅಲ್ಲಿಂದ ಸುದ್ದಿ ಬಂದರೆ ನಾವು ಔಷಧದ ಹೆಸರು ಹೇಳಲು ಆತುರಪಡುವೆವು. ಅದಕ್ಕೆ ಮೊದಲು ಕೇಳತಕ್ಕ ಪ್ರಶ್ನೆಯೊಂದಿದೆ. ಸದ್ದು ಬರುತ್ತಿರುವುದು ಗಂಟಲಿನಿಂದಲೋ, ಮೂಗಿನಿಂದಲೋ, ಎದೆಯಿಂದಲೋ?

ಗಂಟಲಿನಿಂದಾದರೆ ಗಳಲೆ ರೋಗವನ್ನು ಶಂಕಿಸಬೇಕು. ಪಾಶ್ಚುರೆಲ್ಲ ಎಂಬ ಸೂಕ್ಷ್ಮಾಣು ಇದಕ್ಕೆ ಕಾರಣ. ಮುಂಗಾರಿನಲ್ಲಿ, ನೆನೆದು ದಣಿದ ಉಳುವ ಎತ್ತುಗಳನ್ನು ಇದು ಹೆಚ್ಚಾಗಿ ಹಿಡಿಯುವುದು. ತೀವ್ರ ಜ್ವರ, ಸುರಿಯುವ ಜೊಲ್ಲು, ಗಂಟಲ ಕೆಳಗೆ ಬಿಸಿಯಾದ ಬಾವು, ದೂರಕ್ಕೂ ಕೇಳುವ ಗೊರಗೊರ ಶಬ್ದ. ಬೆಳಿಗ್ಗೆ ಮೇವು ಬಿಟ್ಟ ಎತ್ತು ಮರುದಿನಕ್ಕೆ ಉಳಿಯದಿರಬಹುದು. ಜ್ವರ ಬಂದೊಡನೆ ಕೊಟ್ಟ ಚುಚ್ಚುಮದ್ದು ಫಲಿಸೀತು. ಬಾವು ಏರಿದ ಮೇಲೆ ಫಲಿಸುವುದು ವಿರಳ. ಆದುದರಿಂದ ಮಳೆಗೆ ಮುನ್ನ, ವರ್ಷವರ್ಷವೂ, ಲಸಿಕೆ ಹಾಕಿಸುವುದೇ ನಿಜವಾದ ಚಿಕಿತ್ಸೆ. ಒಂದು ಕಾಲಕ್ಕೆ ಹಟ್ಟಿಗಳನ್ನೇ ಬರಿದುಮಾಡುತ್ತಿದ್ದ ದೊಡ್ಡರೋಗವು ಲಸಿಕೆಯ ಬಲದಿಂದಲೇ ಅಳಿದು, 2011ರಲ್ಲಿ ಜಗತ್ತೇ ಅದರಿಂದ ಮುಕ್ತವೆಂದು ಸಾರಲ್ಪಟ್ಟಿತು. ಲಸಿಕೆಯನ್ನು ಸಂಶಯಿಸುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಡ.

ಮೂಗಿನಿಂದ ಬರುವ ಗೊರಕೆಯ ಕಥೆ ಬೇರೆ. ಇಲ್ಲಿ ಜ್ವರವಿಲ್ಲ, ದನ ಮೇಯುತ್ತದೆ, ಆದರೆ ತಿಂಗಳುಗಟ್ಟಲೆ ಗೊರಕೆ ಹೊಡೆಯುತ್ತ ಸೊರಗುತ್ತದೆ. ಕೆರೆಯ ಬಸವನಹುಳುಗಳಲ್ಲಿ ಬೆಳೆದ ಅತಿ ಸಣ್ಣ ಹುಳುವೊಂದು ನೀರಿಗಿಳಿದ ದನದ ಚರ್ಮವನ್ನು ಕೊರೆದು ಒಳಹೊಕ್ಕು, ಕೊನೆಗೆ ಮೂಗಿನ ರಕ್ತನಾಳಗಳಲ್ಲಿ ನೆಲಸಿ, ಹೂಕೋಸಿನಂಥ ಗಂಟುಗಳನ್ನು ಎಬ್ಬಿಸುವುದು. ಸಿಂಬಳವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ಮೊಟ್ಟೆಗಳು ಕಾಣುವುವು. ಔಷಧವುಂಟು, ಆದರೆ ಗುಣವಾದ ದನವನ್ನು ಮತ್ತೆ ಅದೇ ಕೆರೆಗೆ ಇಳಿಸಿದರೆ ರೋಗವೂ ಮತ್ತೆ ಬರುವುದು. ಬಾವಿಯ ನೀರನ್ನು ಸೇದಿ ಮರಿಗೆಯಲ್ಲಿ ಕುಡಿಸುವ ಶ್ರಮವೇ ಇಲ್ಲಿ ಮುಖ್ಯ.

ಇನ್ನು ಎದೆಯ ಬೇನೆ. ಕೆಮ್ಮು, ಜ್ವರ, ಚಾಚಿದ ಕುತ್ತಿಗೆ, ಬೇಗಬೇಗನೆ ಏಳುವ ಪಕ್ಕೆ—ಇವು ಶ್ವಾಸಕೋಶದ ಉರಿಯೂತದ ಚಿಹ್ನೆಗಳು. ಸ್ವಸ್ಥವಾಗಿ ನಿಂತ ದನ ನಿಮಿಷಕ್ಕೆ ಸುಮಾರು 12ರಿಂದ 30 ಸಲ ಉಸಿರಾಡುವುದು. ಗಡಿಯಾರ ಹಿಡಿದು ಯಾರಾದರೂ ಎಣಿಸಬಹುದು. ಚಳಿಗಾಳಿಗೆ ಹೆದರಿ ಮುಚ್ಚಿದ ಕೊಟ್ಟಿಗೆ, ಗಂಜಲದಿಂದ ತೊಯ್ದ ಸೊಪ್ಪಿನ ಹಾಸಿನ ಘಾಟು, ಸೊಳ್ಳೆಗೆಂದು ಹಾಕಿದ ಹೊಗೆ—ಇವು ಕರುಗಳ ಎದೆಯನ್ನು ಕೆಡಿಸಿ ರೋಗಕ್ಕೆ ಎಡೆಗೊಡುವುವು.

ಇವೆಲ್ಲಕ್ಕಿಂತ ಅಪಾಯಕರವಾದುದು ನಮ್ಮ ಹಿರಿಯರು ಬಳಸುತ್ತ ಬಂದ ಬಿದಿರಿನ ಗೊಟ್ಟ. ಕಷಾಯವನ್ನು ನಿಂದಿಸುವುದು ನನ್ನ ಉದ್ದೇಶವಲ್ಲ. ಆದರೆ ಏದುತ್ತಿರುವ ದನದ ಮೂತಿಯನ್ನು ಎತ್ತಿ, ನಾಲಗೆಯನ್ನು ಹಿಡಿದೆಳೆದು ಹೊಯ್ದ ಕಷಾಯವು ಹೊಟ್ಟೆಯ ದಾರಿಯನ್ನು ಬಿಟ್ಟು ಶ್ವಾಸನಾಳಕ್ಕೆ ಇಳಿಯುವುದು. ಹಾಗೆ ಕೆಟ್ಟ ಪುಪ್ಪುಸವು ಸರಿಹೋಗುವುದು ಬಹಳ ಕಷ್ಟ. ಪ್ರೀತಿಯಿಂದ ಕೊಟ್ಟ ಮದ್ದೇ ಮೃತ್ಯುವಾಗುವ ಪ್ರಸಂಗವಿದು.

ವೈದ್ಯರು ಬರುವವರೆಗೆ ಮಾಡತಕ್ಕುದು ಇಷ್ಟೆ: ರೋಗಿಯನ್ನು ಬೇರೆ ಕಟ್ಟಿ, ಒಣಗಿದ ಹಾಸನ್ನು ಹಾಕಿ, ಗಾಳಿ ಬೆಳಕು ಬಿಡಿ, ಎದುರಿಗೆ ನೀರಿಡಿ, ನೊಗಕ್ಕೆ ಹೂಡಬೇಡಿ, ಬಾಯಿಗೆ ಏನನ್ನೂ ಹೊಯ್ಯಬೇಡಿ. ಕೊಟ್ಟಿಗೆಯಲ್ಲಿರುವುದೇ ಎರಡು ಎತ್ತಾದಾಗ ಒಂದು ಸತ್ತರೆ ಉಳಿದುದು ಅರ್ಧ ಜೋಡಿಯಲ್ಲ. ಆ ವರ್ಷದ ಉಳುಮೆಯೇ ನಿಂತಂತೆ.